ಹರಕೆಯ ಟಗರು ಟೀವಿಯಲ್ಲಿ

ಮಾತಾಡುವ ಟಗರೊಂದರ ಬಗ್ಗೆ ಮಕ್ಕಳ ಕಥೆಯನ್ನು ಟೀವಿಯವರು ನಮ್ಮೂರು ಇಟ್ಟಿಗಿಯಲ್ಲಿ ಚಿತ್ರೀಕರಿಸುತ್ತಿದ್ದರು. ಟಗರಾಗಿ ನಿಂತಿದ್ದು ನಾನು ಸಾಕಿದ ಕೆಂಚ. ಅಜ್ಜಿ ಗಾದೆಮ್ಮ ಅವನನ್ನು ದೇವಿಗೆ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಟೀವಿಯಲ್ಲಿ ಬಂದವನನ್ನು ಯಾರು ಕಡಿಯುತ್ತಾರೆ ಎಂದು ನಾನೇ ಅವನನ್ನು ಮುಂದೆ ಬಿಟ್ಟಿದ್ದೆ.

"ನನ್ನನ್ನು ಕೊಲ್ಲಬೇಡಿ" ಎಂದು ಸ್ಪೀಕರ್ ಕೂಗಿದಾಗ ಕೆಂಚ ತಲೆ ಅಲ್ಲಾಡಿಸಬೇಕಿತ್ತು. ಅವನು ಸುಮ್ಮನೆ ನಿಂತ. ನಿರ್ದೇಶಕ ನೀರಿನ ಚೊಂಬು ಎತ್ತಿಕೊಂಡ.

"ನೀರು ಹಾಕಬ್ಯಾಡ್ರೀ ಸಾರ್!" ಎಂದು ಚೀರಿದೆ. ನೀರು ಚಿಮುಕಿಸಿದಾಗ ಹರಕೆಯ ಟಗರು ಮೈ ಕೊಡವಿದರೆ ಬಲಿಗೆ ಒಪ್ಪಿತೆಂದೇ ನಮ್ಮಲ್ಲಿ ಲೆಕ್ಕ. ಆ ನಿರ್ದೇಶಕ ಪುಣ್ಯಾತ್ಮನಿಗೆ ಅದೆಲ್ಲಿ ಗೊತ್ತು!

ನೀರು ಬಿತ್ತು. ಕೆಂಚ ಮೈ ಕೊಡವಿದ.

"ಸೂಪರ್!" ಎಂದ ನಿರ್ದೇಶಕ.

"ಒಪ್ಪಿಗಿ ಕೊಟ್ಟ ನೋಡವ್ವ" ಎಂದು ನೋಡುತ್ತ ನಿಂತಿದ್ದ ಅಜ್ಜಿ ದೇವಿಗೆ ಕೈಮುಗಿದಳು.

ಸ್ಪೀಕರ್ ಇನ್ನೂ ಬೇಡಿಕೊಳ್ಳುತ್ತಲೇ ಇತ್ತು: "ನನ್ನನ್ನು ಕೊಲ್ಲಬೇಡಿ."