ಎರಡು ಸಲ ತೊಳೆದ ಬಟ್ಟಲು

"ಕೈ ತೊಳ್ಕೊಂಡು ಮುಟ್ಟಮ್ಮ ಅದನ್ನ. ನಾಲ್ಕು ಜನ ಮುಖಕ್ಕೆ ಹಾಕ್ಕೊಳೋ ವಸ್ತು."

ಸಭಾಭವನದ ಕಾವಲಿನವನ ಮಾತಿಗೆ ವಿನ್ನಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ತೊಳ್ಕಳಾಕ ನಳ ಹಾಕ್ಸಿ ಕೊಟ್ಟೀರೇನು ನಮಗ? ಹನ್ನೊಂದ್ ವರ್ಷ ಆತು ಕೇಳಾಕ ಹತ್ತಿ."

ಗಾಲ್ವೇ ರಸ್ತೆಯ ಅಂಚಿನ ಒಂಬತ್ತು ಗಾಡಿಮನೆಗಳು ಶುಕ್ರವಾರದೊಳಗೆ ಜಾಗ ಬಿಡಬೇಕೆಂದು ಆಜ್ಞೆಯಾಗಿತ್ತು. ಅದನ್ನು ಜಾರಿ ಮಾಡಬೇಕೋ ಬೇಡವೋ ಎಂದು ಇವತ್ತು ಊರವರು ಕೈಯೆತ್ತುವವರಿದ್ದರು. ಎತ್ತುವ ಮುಂಚೆ ಒಮ್ಮೆ ಅಲೆಮಾರಿಗಳ ಮನೆ ಹೊಕ್ಕು ಬರಲಿ ಎಂಬುದು ಅವರ ಪರ ದುಡಿಯುವ ಸಂಸ್ಥೆಯ ಓರ್ಲಾಳ ಆಸೆ. ಕಾಲು ಕೆಸರಾಗುವ ಭಯವಿಲ್ಲ. ಆ ವಿ.ಆರ್. ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟಿಕೊಂಡರೆ ಸಾಕು, ಗಾಡಿಮನೆಯೊಳಗೇ ನಿಂತಂತೆ.

ಅದರೊಳಗಿದ್ದದ್ದು ವಿನ್ನಿಯ ಅವ್ವನ ಗಾಡಿ. ಹೋದ ಶರತ್ಕಾಲದಲ್ಲಿ ಅವ್ವ ಬಂದವರಿಗೆ ಟೀ ಕೊಡುವುದನ್ನು ಓರ್ಲಾ ಚಿತ್ರೀಕರಿಸಿಕೊಂಡಿದ್ದಳು. ಜನವರಿಯಲ್ಲಿ ಅವ್ವನಿಗೆ ಎದೆನೋವು ಬಂದಾಗ ಆಂಬುಲೆನ್ಸಿನವರು ಪೊಲೀಸರು ಬರಲಿ ಎಂದು ಗೇಟಿನಾಚೆಯೇ ನಿಂತರು. ಪೊಲೀಸರು ಬಂದರು, ಅವ್ವ ಹೋಗಿದ್ದಳು. ಕುಲದ ಪದ್ಧತಿಯಂತೆ ಗಾಡಿಯನ್ನು ಹಾಸಿಗೆ, ಬಟ್ಟಲು ಸಮೇತ ಸುಟ್ಟರು. ಸತ್ತವರದೊಂದು ಚಮಚ ಉಳಿದರೂ ಅವರಿಗೆ ಬಿಡುಗಡೆಯಿಲ್ಲ.

ಹಾರ್ಡ್‌ವೇರ್ ಅಂಗಡಿಯ ಹೆನೆಹನ್ ಪೆಟ್ಟಿಗೆ ಬಿಚ್ಚಿದಾಗ ಕೆನ್ನೆ ಒದ್ದೆಯಾಗಿತ್ತು. ವಿನ್ನಿಯ ಎರಡೂ ಕೈ ಹಿಡಿದುಕೊಂಡ.

"ನಿಮ್ಮಮ್ಮ ನನಗೇ ಟೀ ಕೊಟ್ಟ ಹಾಗಾಯ್ತು ಕಣಮ್ಮ. ಏನು ದೊಡ್ಡ ಮನಸ್ಸು. ಹೇಗಿದಾರೆ ಈಗ?"

"ಸತ್ಲು."

"ಛೆ ಛೆ," ಎಂದು ಕರವಸ್ತ್ರ ತೆಗೆದ.

ಗಾಡಿಗಳನ್ನು ಎತ್ತಿಸಬೇಕು ಎನ್ನುವವರು ಕೈಯೆತ್ತಿ ಎಂದಾಗ ಆ ಒದ್ದೆ ಕರವಸ್ತ್ರವೂ ಮೇಲೆದ್ದಿತು. ಎತ್ತಿದವರು ನಲವತ್ತೊಂದು ಜನ. ಬೇಡ ಎಂದವರು ಮೂವರು.

"ಈಗ ಅತ್ತಿಯಲ್ಲೋ, ಹಡಬಿಟ್ಟಿ ಸೂಳೆಮಗನ," ಎಂದಳು ವಿನ್ನಿ.

ಹೆನೆಹನ್‌ಗೆ ಸಿಟ್ಟು ಬರಲಿಲ್ಲ. "ಅಳು ಬೇರೆ, ಜಾಗ ಬೇರೆ ಅಲ್ವೇನಮ್ಮ," ಎಂದ.

ಓರ್ಲಾ ಅವಳ ಹೆಗಲು ಸವರಿದಳು. "ಬೇಜಾರಾಗ್ಬೇಡಿ ವಿನ್ನಿ. ಮುಂದಿನ ತಿಂಗಳು ಅಮ್ಮನ್ನ ಇನ್ನೂ ನಾಲ್ಕು ಊರಿಗೆ ಕರ್ಕೊಂಡು ಹೋಗ್ತೀವಿ."

ಕರೆದುಕೊಂಡು ಹೋಗುವುದು? ವಿನ್ನಿ ಮೊದಲ ಸಲ ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟಿಕೊಂಡಳು.

ಸುಟ್ಟ ಪರದೆ ಮತ್ತೆ ಕಿಟಕಿಗೆ ತೂಗುತ್ತಿತ್ತು. ಒಲೆಯ ಮುಂದಿದ್ದ ಅವ್ವ ತಿರುಗಿ ನೇರ ಅವಳ ಮುಖವನ್ನೇ ನೋಡಿದಳು; ತಲೆ ತಗ್ಗಿಸಿದಳು.

"ಬರ್ರಿ ಅಮ್ಮಾರ. ಬಟ್ಲ ಎರಡ್ ಸಲ ತೊಳ್ದೀನ್ರಿ, ಹೇಸಿಕಿ ಪಟ್ಕಬ್ಯಾಡ್ರಿ."

"ಅವ್ವಾ, ನಾನು. ವಿನ್ನಿ."

"ಕುಡೀರಿ ಅಮ್ಮಾರ," ಎಂದು ಅವ್ವ ಬಟ್ಟಲು ಚಾಚಿದಳು. ಸಭೆಯಲ್ಲಿ ಹಿಂದೆಲ್ಲೋ ಒಬ್ಬರು ಕಿಸಕ್ಕೆಂದರು.

ವಿನ್ನಿ ಪೆಟ್ಟಿಗೆಯನ್ನು ಎಳೆಕೂಸಿನಂತೆ ಎದೆಗವಚಿಕೊಂಡು ಹೊರನಡೆದಳು. ರಸ್ತೆಯಂಚಿನಲ್ಲಿ ಅವ್ವನ ಗಾಡಿ ಸುಟ್ಟ ಕಪ್ಪು ನೆಲ ಇನ್ನೂ ಹುಲ್ಲು ಹಿಡಿದಿರಲಿಲ್ಲ. ಅದರ ನಡುವೆ ಇಟ್ಟು, ಜನರೇಟರಿನ ಪೆಟ್ರೋಲು ಸುರಿದು ಕಡ್ಡಿ ಗೀರಿದಳು. ಪ್ಲಾಸ್ಟಿಕ್ಕು ಗುಳ್ಳೆಯೆದ್ದು ಮುದುರಿತು.

ಓರ್ಲಾ ಏದುಸಿರು ಬಿಡುತ್ತ ಬಂದು ನಿಂತಳು.

"ಸುಟ್ಟು ಏನು ಬಂತು ವಿನ್ನಿ? ಅಮ್ಮ ಇರೋದು ಅದೊಂದರಲ್ಲೇ ಅಲ್ಲ. ಇನ್ನೂ ಹನ್ನೆರಡು ಪೆಟ್ಟಿಗೆಯಲ್ಲಿ ಇದಾರೆ."

ಕ್ಯಾನಿನಲ್ಲಿ ಎಷ್ಟು ಉಳಿದಿದೆ ಎಂದು ವಿನ್ನಿ ಅಲ್ಲಾಡಿಸಿ ನೋಡಿದಳು.

"ಹಂಗಾರ ಅವನ್ನೂ ತರ್ರಿ."