ಡೂಗಲ್ ಕಲಿತ ಬೆಂಕಿ

ಹಿಂದೆ ಸೋತವರನ್ನೇ ಮತ್ತೆ ಕರೆಸಿ ಆಡಿಸುವ ಟಿವಿ ಪಂದ್ಯವದು. ಗೆದ್ದವರಿಗೆ ಐದು ಲಕ್ಷ ಡಾಲರ್. ಫಿಜಿಯ ದ್ವೀಪಕ್ಕೆ ದೋಣಿ ತಾಗಿದಾಗ ಆಟಗಾರ್ತಿ ಮೆರಿನ್‌ಗೆ ಮೊದಲು ಕಂಡದ್ದು ಹಳೆಯ ಜೊತೆಗಾರ ಡೂಗಲ್‌ನ ಬಿಳಿ ತಲೆ. ಅವಳು ಅವನತ್ತ ನೋಡದೆ ಇಳಿದಳು.

ನಾಲ್ಕು ವರ್ಷದ ಹಿಂದೆ ಇದೇ ದಡದಲ್ಲಿ ಒಂದು ಮುಂಜಾನೆ, ಹಸಿವು ತಡೆಯಲಾರದೆ ಅವಳು ಎಲ್ಲರ ಪಾಲಿನ ಅಕ್ಕಿಯಲ್ಲಿ ಒಂದು ಹಿಡಿ ಕದ್ದು ಬೇಯಿಸಹೊರಟಿದ್ದಳು. ಪಾತ್ರೆ ಮಗುಚಿ ಕೆಂಡವೆಲ್ಲ ಆರಿಹೋಯಿತು. ಮಳೆಯೆಂದು ಕ್ಯಾಮೆರಾದವರು ಡೇರೆ ಸೇರಿದ್ದರು. ಕಾವಲಿದ್ದ ಡೂಗಲ್ ತೂಕಡಿಸುತ್ತಿದ್ದ. ಬೆಂಕಿ ಕಾಯಲಾಗದ ಸೋಮಾರಿಯೆಂದು ಎಲ್ಲರೂ ಮತ ಹಾಕಿ ಅವನನ್ನು ಮನೆಗೆ ಕಳಿಸಿದರು. ಮೆರಿನ್ ಕೂಡ ಹಾಕಿದಳು.

ಈಗ ಅವನು ಬಿದಿರಿನ ಸೀಳುಗಳನ್ನು ಉಜ್ಜಿ, ತೆಂಗಿನ ನಾರಿಗೆ ಉಸಿರೂದಿ, ಉಳಿದವರು ಗಂಟು ಬಿಚ್ಚುವಷ್ಟರಲ್ಲಿ ಬೆಂಕಿ ಎಬ್ಬಿಸಿದ.

"ಎಲ್ಲಿ ಕಲಿತ್ರಿ ತಾತ?" ಎಂದ ಒಬ್ಬ ಆಟಗಾರ. "ಈ ಸಲ ಗೊರಕೆ ಹೊಡೆದ್ರೆ ಸಮುದ್ರಕ್ಕೆ ಎಸೀತೀವಿ, ನೋಡಿ."

"ಹಿತ್ತಲಲ್ಲಿ ಕಣಯ್ಯ, ನಾಲ್ಕು ವರ್ಷ ದಿನಾ ಸಂಜೆ. ಹುಚ್ಚು ಹಿಡೀತು ಅಂತಾಳೆ ನನ್ನ ಹೆಂಡ್ತಿ. ಏನ್ಮಾಡ್ಲಿ, ಅವತ್ತು ನನ್ನಿಂದ ಎಲ್ರೂ ಉಪವಾಸ ಬಿದ್ರಲ್ಲ. ಪಾಪ, ಈ ಹುಡುಗೀನೂ."

ಅನ್ನ ಬೆಂದಾಗ ಅವನು ಮೊದಲ ಬಟ್ಟಲನ್ನು ಮೆರಿನ್‌ಗೇ ಚಾಚಿದ. ಆ ಅಂಗೈ ತುಂಬ ಜಡ್ಡುಗಟ್ಟಿತ್ತು. ಕ್ಯಾಮೆರಾ ಹತ್ತಿರ ಬಂತು. ನಿಜ ಹೇಳಿದರೆ ಮೊದಲು ಮನೆಗೆ ಹೋಗುವವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಅವಳು ಬಟ್ಟಲನ್ನು ಅವನ ಮುಂದೆಯೇ ಇಟ್ಟಳು.

"ಬೆಂಕಿ ಆರಿದ್ದು ನಿಮ್ಮ ನಿದ್ದೆಯಿಂದಲ್ಲ, ಡೂಗಲ್. ನಾನು ಅಕ್ಕಿ ಕದ್ದಿದ್ದೆ. ಪಾತ್ರೆ ಮಗುಚಿದ್ದು ನಾನು."

ಡೂಗಲ್ ತನ್ನ ಅಂಗೈಗಳನ್ನೇ ತುಂಬ ಹೊತ್ತು ನೋಡುತ್ತ ಕುಳಿತ.