ಎರಡು ಕೈಗಳ ಯಂತ್ರ

ವಸ್ತುಸಂಗ್ರಹಾಲಯದ ದೊಡ್ಡ ಕೋಣೆಯಲ್ಲಿ, ಹಳೆಯ ಮಗ್ಗ ಮತ್ತು ಉಗಿಯಂತ್ರಗಳ ನಡುವೆ, ಮಿಂಚು ಬೆಳಗ್ಗೆಯಿಂದ ಮೊಣಕೈವರೆಗೂ ಎಣ್ಣೆ ಮೆತ್ತಿಕೊಂಡು ಕೂತಿದ್ದ. ಡಬ್ಬಿ ಕಾರ್ಖಾನೆಯಲ್ಲಿ ತಗಡು ಒತ್ತುವ ಕೆಲಸ ಅವನದು. ಕೈ ಅಷ್ಟು ಚುರುಕೆಂದೇ ಆ ಅಡ್ಡಹೆಸರು. ಮಾಲೀಕರು ಕಾರ್ಖಾನೆಯ ಹಳೆಯ ಪ್ರೆಸ್ಸೊಂದನ್ನು ಇಲ್ಲಿಗೆ ದಾನ ಕೊಟ್ಟಿದ್ದರು. ನಾಳೆ ಉದ್ಘಾಟನೆ. ಅತಿಥಿಗಳ ಎದುರು ಅದು ಡಬ್ಬಿಯ ಮುಚ್ಚಳಗಳನ್ನು ಪಟಪಟನೆ ಉದುರಿಸಬೇಕು, ಉದುರಿಸುವವನು ಮಿಂಚುವೇ ಆಗಬೇಕು ಎಂದು ಅಪ್ಪಣೆಯಾಗಿತ್ತು.

ಅವನ ಅಕ್ಕ ಅಲ್ಲಿನ ವಸ್ತುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಯಂತ್ರದ ಎಡಕ್ಕೊಂದು ಬಲಕ್ಕೊಂದು ಇದ್ದ ಬಟನ್‌ಗಳನ್ನು ಒರೆಸುತ್ತಾ ಕೇಳಿದಳು.

“ಒಂದು ಸಾಕಾಗ್ತಿರ್ಲಿಲ್ವೇನೋ? ಎರಡು ಯಾಕೆ?”

“ಎರಡೂ ಒಟ್ಟಿಗೆ ಒತ್ತಿದ್ರೇನೇ ಅಚ್ಚು ಕೆಳಗೆ ಬರೋದು. ಕೈ ಎರಡೂ ಹೊರಗಿದ್ರೆ ಬೆರಳು ಸಿಕ್ಕಿಹಾಕ್ಕೊಳ್ಳಲ್ಲ ಅಂತ.” ಹೇಳುತ್ತಲೇ ಮಿಂಚು ಮರದ ಚಕ್ಕೆಯೊಂದನ್ನು ತುರುಕಿ, ಎಡಗಡೆಯ ಬಟನ್ ಒತ್ತಿದಂತೆಯೇ ನಿಲ್ಲುವ ಹಾಗೆ ಮಾಡಿದ.

“ಮತ್ತೆ ಇದೇನು?”

“ಇದು ನಮ್ಮ ವಿದ್ಯೆ. ಒಂದು ಕೈ ಬಟನ್‌ಗೆ, ಇನ್ನೊಂದು ತಗಡು ಹಾಕೋಕೆ. ಇಡೀ ಶೆಡ್ಡಿಗೆ ಕಲಿಸಿದ್ದು ನಾನೇ.”

“ದೊಡ್ಡ ಗುರುಗಳು! ಬೆರಳು ಹೋದ್ರೆ?”

“ನಿಧಾನ ಆದ್ರೆ ಕೆಲಸಾನೇ ಹೋಗುತ್ತೆ ಕಣೇ. ಮೇಸ್ತ್ರಿ ತಲೆ ಮೇಲೆ ಕೂತಿರ್ತಾನೆ. ನಿನಗೇನು, ನಿನ್ನ ಯಂತ್ರಗಳೆಲ್ಲ ಆರಾಮಾಗಿ ನಿದ್ದೆ ಹೊಡೀತಿವೆ.”

ಅಕ್ಕನಿಗೆ ನಗುವೂ ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ಮೇಸ್ತ್ರಿಯೇ ಒಳಗೆ ಬಂದ.

“ಏನಪ್ಪಾ ಮಿಂಚು, ನಾಳೆ ಮರ್ಯಾದೆ ಉಳಿಸ್ತೀಯಾ?”

“ನೋಡಿ ಸಾರ್, ಬೆಲ್ಟ್ ಕೂಡ ಬಿಗಿ ಮಾಡಿದ್ದೀನಿ.” ಮಿಂಚು ಮೋಟಾರು ಹಾಕಿ, ಹಿಂದಕ್ಕೆ ತಿರುಗಿ ಎಡಗೈಯಿಂದ ತೋರಿಸಿದ. ಅಚ್ಚಿನ ಕೆಳಗೆ ಧೂಳು ಕಂಡು ಅಕ್ಕ ಬಟ್ಟೆ ಹಿಡಿದ ಕೈಯನ್ನು ಒಳಗೆ ಚಾಚಿದಳು. ವರ್ಷಗಳ ಅಭ್ಯಾಸ ನೋಡಿ, ಮಿಂಚುವಿನ ಬಲಗೈ ತನ್ನಷ್ಟಕ್ಕೆ ತಾನೇ ಬಟನ್ ಮೇಲೆ ಹೋಗಿ ಕೂತಿತು.

ಧಡ್!

ಅಕ್ಕ ಕಿರುಚಲಿಲ್ಲ. ಅದಕ್ಕೇ ಅವನ ಜೀವ ಬಾಯಿಗೆ ಬಂತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಇದೆ ಕಣೋ… ಎಲ್ಲಾ ಇದೆ.” ಅವಳು ಐದೂ ಬೆರಳು ಬಿಡಿಸಿ ತೋರಿಸಿದಳು. ಅಚ್ಚಿನ ಕೆಳಗಿನ ಬಟ್ಟೆಯಲ್ಲಿ ಮುಚ್ಚಳದಷ್ಟಗಲದ ದುಂಡನೆಯ ತೂತು.

ಮಿಂಚು ನೆಲಕ್ಕೆ ಕುಸಿದು, ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಅತ್ತುಬಿಟ್ಟ.

“ಏನೂ ಆಗ್ಲಿಲ್ವಲ್ಲ, ಬಿಡಿ,” ಎಂದ ಮೇಸ್ತ್ರಿ. “ಆಯಮ್ಮ ಕೈ ಹಾಕಬಾರದಿತ್ತು. ಮಾಲೀಕರ ಕಿವಿಗೆ ಬೀಳೋದು ಬೇಡ.”

ಮರುದಿನ ಕೋಣೆ ತುಂಬ ಜನ. ಹಿಂದಿನ ಸಾಲಿನಲ್ಲಿ ಶೆಡ್ಡಿನ ಕೆಲಸಗಾರರನ್ನೂ ತಂದು ನಿಲ್ಲಿಸಿದ್ದರು. ಮಿಂಚು ಚಕ್ಕೆ ಹಾಕಲಿಲ್ಲ. ತಗಡು ಇಟ್ಟ, ಎರಡೂ ಕೈ ಹೊರಗೆ ತಂದ, ಎರಡೂ ಬಟನ್ ಒತ್ತಿದ. ಒಂದು ಮುಚ್ಚಳ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಾಲೀಕರ ಮುಖದ ನಗು ಹುಳ್ಳಗಾಯಿತು.

ಮೇಸ್ತ್ರಿ ಪಕ್ಕಕ್ಕೆ ಬಂದು ಹಲ್ಲು ಕಡಿದ. “ಚಕ್ಕೆ ಹಾಕೋ! ನಾಳೆಯಿಂದ ಗೇಟಿನ ಹೊರಗೆ ನಿಂತಿರ್ತೀಯ, ನೋಡ್ಕೋ.”

ಮಿಂಚುವಿಗೆ ಭಯವಾಯಿತು. ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದ.

“ಇದನ್ನ ಮಾಡಿದವರು ಎರಡು ಕೈಗೆ ಅಂತಾನೇ ಮಾಡಿರೋದು ಸಾರ್. ಇದು ಇಷ್ಟೇ ಬೇಗ ಓಡೋದು.”

ಅತಿಥಿಗಳು ತಲೆದೂಗಿದರು. ಹಿಂದಿನ ಸಾಲಿನವರು ಮಾತ್ರ ಮುಖ ಮುಖ ನೋಡಿಕೊಂಡರು.

ಮಾರನೆಯ ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಅವನನ್ನು ಯಾರೂ ತಡೆಯಲಿಲ್ಲ. ಆ ತೀರ್ಮಾನ ಇನ್ನೂ ಆಗಿರಲಿಲ್ಲವೋ ಏನೋ. ಮಿಂಚು ತನ್ನ ಯಂತ್ರಕ್ಕೆ ಹೋಗದೆ ನೇರವಾಗಿ ಪಕ್ಕದವನ ಹತ್ತಿರ ಹೋದ. ಅವನಿಗೆ ಈ ವಿದ್ಯೆ ಹೇಳಿಕೊಟ್ಟದ್ದು ಈಚೆಗಷ್ಟೇ.

“ಚಕ್ಕೆ ತೆಗಿ.”

“ಮೇಸ್ತ್ರಿ ಕೇಳಿದ್ರೆ ಏನು ಹೇಳ್ಲಿ ಅಣ್ಣಾ?”

“ಕಲಿಸಿದವನೇ ಬೇಡ ಅಂದ ಅನ್ನು.”

ಮೇಸ್ತ್ರಿ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತದ್ದು ಕಂಡಿತು. ಮಿಂಚು ಮುಂದಿನ ಯಂತ್ರದ ಕಡೆಗೆ ನಡೆದ.